ಸೊಪ್ಪು ಹಾಕಿದ ದಾರಿ

ನಮ್ಮ ಮನೆಯ ಹಿಂದಿನ ಗುಡ್ಡದ ದಾರಿ ಹತ್ತಲು ಅರ್ಧ ಗಂಟೆ ಸಾಕು, ಇಳಿಯಲು ಅಷ್ಟೂ ಬೇಡ. ಈಗ ಮನೆಯ ಒಂದು ಪಕ್ಕವನ್ನು ಹೋಮ್‌ಸ್ಟೇ ಮಾಡಿದ್ದಾರೆ. ಬಂದವರು ದಪ್ಪ ಬೂಟು ಕಟ್ಟಿಕೊಂಡು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು, "ಅಜ್ಜಿ, ಟ್ರೆಕ್ಕಿಂಗ್ ಕಷ್ಟನಾ?" ಎಂದು ಕೇಳುತ್ತಾರೆ. ದನ ಮೇಯಲು ಹೋಗುವ ದಾರಿ, ಕಷ್ಟ ಎಲ್ಲಿಂದ ಬರಬೇಕು? ಆರಾಮಾಗಿ ಹೋಗಿಬನ್ನಿ ಎನ್ನುತ್ತೇನೆ. ಆ ದಾರಿಯ ಮಧ್ಯದಲ್ಲೇ ನಾನು ನನ್ನ ಮಾವನವರ ಬಲಗಣ್ಣು ಒಡೆದದ್ದು ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಕಾಫಿ ಕುಡಿಯದೆ ಗಂಟುಮೂಟೆ ಕಟ್ಟುತ್ತಾರೆ.

ನಾನು ಸೊಸೆಯಾಗಿ ಬಂದಾಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಅದೇ ಒಂದು ಪುಟ್ಟ ರಾಜ್ಯ. ನನ್ನ ತವರು ಕುಶಾಲನಗರದ ಹತ್ತಿರ. ಅಜ್ಜನ ಕಾಲದಲ್ಲಿ ಮೈಸೂರು ಸೀಮೆಯ ಹಾಸನದ ಕಡೆಯಿಂದ ಬಂದು ನೆಲೆಸಿದ ರಾಗಿ ಬೇಸಾಯದವರು ನಾವು. ಗಂಡನ ಮನೆ ಮಡಿಕೇರಿಯಿಂದ ಪಶ್ಚಿಮಕ್ಕೆ, ಅರೆಭಾಷೆ ಮಾತಾಡುವ ಗೌಡರದು. ಗಂಡ ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು ಒಂದು ರಾತ್ರಿ ಇದ್ದು ಹೋಗುತ್ತಿದ್ದರು. ಮಿಕ್ಕ ದಿನ ಆ ದೊಡ್ಡ ಮನೆಯಲ್ಲಿ ಮಾವ, ಅತ್ತೆ, ನಾನು ಮೂರೇ ಜನ.

ಮಾವನವರದು ಕೈ ಮುಂದು, ಮಾತು ಹಿಂದು. ಎತ್ತು ನಿಂತರೆ ಹೊಡೆತ, ನಾಯಿ ಬೊಗಳಿದರೆ ಹೊಡೆತ, ಬೊಗಳದಿದ್ದರೆ ಅದಕ್ಕೂ ಹೊಡೆತ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಅಂಗಳ ದಾಟಿ ಹೋಗಿ ಬೀಳುತ್ತಿತ್ತು. ಅತ್ತೆ ಎದ್ದು ಹೋಗಿ ಅದನ್ನು ತೊಳೆದು ತರುತ್ತಿದ್ದರು. ಆದರೆ ಕೋವಿ ಹಿಡಿದರೆ ಮನುಷ್ಯ ಬೇರೆಯೇ ಆಗುತ್ತಿದ್ದರು. ಉಸಿರು ಸಹ ಕೇಳುತ್ತಿರಲಿಲ್ಲ. ಭಾದ್ರಪದದಲ್ಲಿ ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಬರುತ್ತದಲ್ಲ, ಆವತ್ತು ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಊರ ಗಂಡಸರು ಗುರಿ ಹೊಡೆಯುತ್ತಾರೆ. ಆ ಕಾಯಿ ಎಷ್ಟೋ ವರ್ಷದಿಂದ ನಮ್ಮ ಮನೆಯ ಕಾಯಿಯೇ ಆಗಿತ್ತು. ಊರಿನಲ್ಲಿ ಅವರಿಗೆ ಮರ್ಯಾದೆ ಇದ್ದದ್ದು ಗದ್ದೆಯಿಂದಲ್ಲ, ಆ ಬಲಗಣ್ಣಿನಿಂದ.

ನಾನೂ ಕಡಿಮೆಯವಳಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ನನ್ನ ಜಡೆ ಎಳೆದ ದಾಯಾದಿಯೊಬ್ಬನ ಕೈ ಕಚ್ಚಿ ಇನ್ನೂ ಮಾಸದ ಗುರುತು ಮಾಡಿದ್ದೆ. ಮಾವನವರು ಮೊದಲ ದಿನದಿಂದಲೇ ನನ್ನನ್ನು 'ಮೈಸೂರಿನವಳು' ಎಂದು ಕರೆದರು. "ನಾನು ಹುಟ್ಟಿದ್ದು ಕೊಡಗಿನಲ್ಲೇ ಮಾವ" ಎಂದೆ. "ಮೈಸೂರಿನವ್ ನಮ್ಮ ರಾಜ್ಯನ ನುಂಗುವ ಮುಂಚೆ ನನ್ನ ಮಗ ಒಬ್ಬಳ್ನ ಮನೆಗೇ ತಂದ್ ಬಿಟ್ಟ" ಎಂದು ಎಲ್ಲರ ಮುಂದೆ ಹೇಳಿ ನಗಿಸಿದರು. ಅವತ್ತು ಅವರ ಎಲೆಗೆ ಅನ್ನವನ್ನು ಬಡಿಸಲಿಲ್ಲ, ಎಸೆದೆ.

ಈ ಜಗಳದ ಮನೆಯಿಂದ ತಪ್ಪಿಸಿಕೊಳ್ಳಲು ನನಗೆ ಸಿಕ್ಕಿದ್ದು ಆ ದಾರಿ. ಸಂಜೆ ಕೊಟ್ಟಿಗೆ ಕೆಲಸ ಮುಗಿದ ಮೇಲೆ, ಕತ್ತಲಾಗಲು ಇನ್ನೂ ಹೊತ್ತಿರುವಾಗ ಹೊರಡುತ್ತಿದ್ದೆ. ಕೊಟ್ಟಿಗೆಯ ಹಿಂದೆ ನೀರು ಹರಿಯುವ ಒಂದು ಸಣ್ಣ ತೋಡು, ದಾಟಲು ಒಂದೇ ದಿಮ್ಮಿ. ಆಚೆಗೆ ಕಾಫಿ ಗಿಡ, ನಡುನಡುವೆ ಕಿತ್ತಳೆ ಮರ. ಕೈಗೆ ಎಟುಕಿದ ಹಣ್ಣು ಕಿತ್ತು ಸಿಪ್ಪೆ ಸುಲಿಯುತ್ತಾ ನಡೆದರೆ, ಹಣ್ಣು ಮುಗಿಯುವಷ್ಟರಲ್ಲಿ ಕಾಫಿಯೂ ಮುಗಿದು ಒಂದು ಕಿರಿದಾದ ಕಾಡಿನ ಪಟ್ಟಿ ಬರುತ್ತಿತ್ತು. ಅಲ್ಲಿ ಎಂದೂ ತಂಪು. ಅದನ್ನು ದಾಟಿದರೆ ಬಾಣೆ ಎಂದು ಕರೆಯುವ ಬರೀ ಹುಲ್ಲಿನ ಇಳಿಜಾರು, ಸೊಂಟದವರೆಗೆ ಹುಲ್ಲು, ಗಾಳಿ ಬಂದಾಗ ಎಲ್ಲಾ ಒಂದೇ ಕಡೆಗೆ ಬಾಗುತ್ತಿತ್ತು. ತುದಿಯಲ್ಲಿ ಒಂದು ಚಪ್ಪಟೆ ಬಂಡೆ. ಇಡೀ ದಿನದ ಬಿಸಿಲು ಕುಡಿದ ಆ ಬಂಡೆಯ ಮೇಲೆ ಬರಿಗಾಲು ಚಾಚಿ ಕೂತರೆ ಸೊಂಟದ ನೋವೆಲ್ಲಾ ಇಳಿದುಹೋಗುತ್ತಿತ್ತು.

ಅಲ್ಲಿಂದ ತವರಿನ ದಿಕ್ಕು ಕಾಣುತ್ತದೆ, ಅದಕ್ಕೇ ಹೋಗುತ್ತಾಳೆ ಎಂದು ಅತ್ತೆ ಅಂದುಕೊಂಡಿದ್ದರು. ಕಾಣುತ್ತಿರಲಿಲ್ಲ. ಗುಡ್ಡದ ಹಿಂದೆ ಗುಡ್ಡ, ಅಷ್ಟೇ. ನಾನು ಹೋಗುತ್ತಿದ್ದದ್ದು ನಡೆಯುವ ಖುಷಿಗೆ. ಇದನ್ನು ಆ ಮನೆಯಲ್ಲಿ ಅರ್ಥ ಮಾಡಿಸುವುದು ಆಗದ ಮಾತು. ಕತ್ತಿ ಇಲ್ಲದೆ, ಕೋವಿ ಇಲ್ಲದೆ, ಸೌದೆಯ ಹೊರೆಯೂ ಇಲ್ಲದೆ ಒಬ್ಬ ಮನುಷ್ಯ ಗುಡ್ಡ ಹತ್ತುವುದನ್ನು ಅವರು ಕಂಡಿರಲಿಲ್ಲ. ನನ್ನ ಜೊತೆ ಬರುತ್ತಿದ್ದದ್ದು ಮನೆಯ ಕಂದು ನಾಯಿ ಒಂದೇ. ಅದಕ್ಕೆ ಕಾರಣ ಬೇಕಿರಲಿಲ್ಲ.

ಆ ವರ್ಷ ಹೊಸ ಕದಿರು ಮನೆಗೆ ತರುವ ಹುತ್ತರಿ ಹಬ್ಬಕ್ಕೆ ಇನ್ನು ಹತ್ತು ಹನ್ನೆರಡು ದಿನ ಇರುವಾಗ, ಕಾಳು ಕಟ್ಟಿದ ಗದ್ದೆಗೆ ಕಾಡುಹಂದಿ ಬೀಳತೊಡಗಿತು. ಬೆಳಿಗ್ಗೆ ಹೋಗಿ ನೋಡಿದರೆ ಪೈರು ಚಾಪೆ ಹಾಸಿದಂತೆ ಮಲಗಿರುತ್ತಿತ್ತು. ಮಾವನವರ ಸಿಟ್ಟು ನೆತ್ತಿಗೇರಿತ್ತು. ಅಂಥ ಒಂದು ಬೆಳಿಗ್ಗೆ ಆ ಕಂದು ನಾಯಿ ಕೋಳಿಗೂಡಿಗೆ ಬಾಯಿ ಹಾಕಿತು. ಮಾವ ಒಲೆಗೆ ಇಟ್ಟಿದ್ದ ಸೌದೆ ಎತ್ತಿಕೊಂಡು ಅದನ್ನು ಗೋಡೆಯ ಮೂಲೆಗೆ ಒತ್ತಿ ಹೊಡೆದರು. ಒಂದು, ಎರಡು, ಮೂರು. ನಾಯಿ ಮೊದಲು ಕೂಗಿತು, ಆಮೇಲೆ ಕೂಗುವುದನ್ನೂ ಬಿಟ್ಟಿತು. ನಾನು ಹೋಗಿ ಸೌದೆಯನ್ನು ಅವರ ಕೈಯಿಂದ ಕಿತ್ತು, ಮೊಣಕಾಲಿಗೆ ಒತ್ತಿ ಎರಡು ತುಂಡು ಮಾಡಿ, ಅವರ ಕಾಲ ಬುಡಕ್ಕೇ ಹಾಕಿದೆ. ಸೊಸೆ ಮಾವನ ಕೈಗೆ ಕೈ ಹಾಕಿದ್ದು ಆ ಮನೆಯಲ್ಲಿ ಅದೇ ಮೊದಲು.

ಅವರ ಮುಖ ಕಪ್ಪಾಯಿತು. "ಇನ್ನ್ ಆ ಗುಡ್ಡಕ್ಕೆ ಹೋದರೆ ಕಾಲ್ ಕಡ್ದ್ ಹಾಕುವೆ, ಗೂಡೆ" ಎಂದರು. ಅವರ ಮಾತಿನಲ್ಲಿ ಗೂಡೆ ಎಂದರೆ ಹುಡುಗಿ. ನಾಯಿಗೂ ಗುಡ್ಡಕ್ಕೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ನನಗೆ ಇಷ್ಟವಾದದ್ದನ್ನು ಹುಡುಕಿ ಅದಕ್ಕೇ ಕಲ್ಲು ಹಾಕುತ್ತಿದ್ದಾರೆ ಎಂದುಕೊಂಡೆ. ಹೋಗಿಯೇ ತೀರುತ್ತೇನೆ ಎಂದು ಆಗಲೇ ನಿರ್ಧಾರ ಮಾಡಿಬಿಟ್ಟೆ.

ಸಂಬಂಧ ಇದ್ದದ್ದು ನಾಯಿಗಲ್ಲ, ಹಂದಿಗೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಂದಿ ಗದ್ದೆಗೆ ಇಳಿಯುತ್ತಿದ್ದದ್ದು ನನ್ನ ದಾರಿಯ ಆ ಕಾಡಿನ ಪಟ್ಟಿಯನ್ನು ಅಡ್ಡ ದಾಟಿ. ಅಲ್ಲಿ ಅವರು ಕೋವಿ ಕಟ್ಟಲು ನಿಶ್ಚಯಿಸಿದ್ದರು. ಕೋವಿ ಕಟ್ಟುವುದೆಂದರೆ ಹೀಗೆ: ಎರಡು ಗೂಟಕ್ಕೆ ಮದ್ದು ತುಂಬಿದ ಕೋವಿ ಬಿಗಿದು, ಹಂದಿಯ ಎದೆಯ ಮಟ್ಟಕ್ಕೆ ಗುರಿ ಇಟ್ಟು, ಅದರ ಕುದುರೆಗೆ, ಅಂದರೆ ಈಡು ಹಾರಿಸುವ ಕೀಲಿಗೆ, ಒಂದು ಸಣ್ಣ ತಂತಿ ಕಟ್ಟಿ ದಾರಿಗೆ ಅಡ್ಡ ಎಳೆಯುವುದು. ತಂತಿಗೆ ಕಾಲು ತಗುಲಿದರೆ ಸಾಕು. ಯಾವಾಗಲೂ ದನ ಮನೆ ಸೇರಿದ ಮೇಲೆಯೇ ಕಟ್ಟುತ್ತಾರೆ, ಬೆಳಕು ಹರಿಯುವ ಮುಂಚೆ ಬಿಚ್ಚುತ್ತಾರೆ. ಅವತ್ತು ಪಕ್ಕದ ಊರಿನಲ್ಲಿ ಸಾವಾಗಿ, ಅಲ್ಲಿಗೆ ಹೋಗಿಬರಬೇಕಾಗಿದ್ದರಿಂದ ಮಧ್ಯಾಹ್ನವೇ ಕಟ್ಟಿಬಿಟ್ಟಿದ್ದರು. ಕಟ್ಟಿ, ಆ ಸೀಮೆಯ ಪದ್ಧತಿಯಂತೆ ಒಂದು ಹಸಿ ಕೊಂಬೆ ಕಡಿದು ದಾರಿಗೆ ಅಡ್ಡ ಹಾಕಿದ್ದರು. ಹಸಿ ಸೊಪ್ಪು ಅಡ್ಡ ಬಿದ್ದಿದ್ದರೆ ಮುಂದೆ ಕೋವಿ ಇದೆ, ಹಿಂದಕ್ಕೆ ಹೋಗು ಎಂದು ಅರ್ಥ. ದನ ಕಾಯುವವರಿಂದ ಹಿಡಿದು ಮುದುಕಿಯರವರೆಗೆ ಅಲ್ಲಿ ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದವಳು ಒಬ್ಬಳು ಮನೆಗೇ ಬಂದಿದ್ದಾಳೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ನಮ್ಮ ಕಡೆ ಬಯಲು. ಅಲ್ಲಿ ಹೊಲದ ದಾರಿಗೆ ಅಡ್ಡ ಹಾಕುವುದು ಮುಳ್ಳು, ಅದೂ ಜಗಳಕ್ಕೆ. 'ನನ್ನ ಹೊಲದಲ್ಲಿ ಕಾಲಿಡಬೇಡ' ಎಂದು ಒಬ್ಬ ಮುಳ್ಳು ಹಾಕಿದರೆ, ಮಾನ ಇರುವ ಇನ್ನೊಬ್ಬ ಅದನ್ನು ಎತ್ತಿ ಎಸೆದು ನಡೆದುಹೋಗುತ್ತಾನೆ. ನನ್ನ ಅಪ್ಪ ಹಾಗೆ ಎಸೆದದ್ದನ್ನು ಎಷ್ಟು ಸಲ ನೋಡಿದ್ದೇನೋ. ಅವತ್ತು ಸಂಜೆ ಕುಂಟುತ್ತಿದ್ದ ನಾಯಿಯೊಂದಿಗೆ ತೋಡು ದಾಟಿ, ಕಿತ್ತಳೆ ಸುಲಿಯುತ್ತಾ ಕಾಫಿಯ ಕೊನೆಗೆ ಬಂದಾಗ, ದಾರಿಗೆ ಅಡ್ಡವಾಗಿ ಹಸಿ ಕೊಂಬೆ ಬಿದ್ದಿತ್ತು. ಕತ್ತಿಯಲ್ಲಿ ಕಡಿದದ್ದು. ಓಹೋ, ನನ್ನ ದಾರಿಗೆ ಬೇಲಿ ಹಾಕಿದ್ದಾರೆ ಎಂದುಕೊಂಡೆ. ಮೈಯೆಲ್ಲಾ ಉರಿಯಿತು. ಕಾಲಿನಿಂದ ಒದ್ದೆ. ಸಾಲದೆಂದು ಎತ್ತಿ ಕಾಫಿ ಗಿಡಗಳ ಮೇಲೆ ಎಸೆದೆ. ಎಸೆದು ಕೈ ಒರೆಸಿಕೊಂಡು ನಡೆದೆ, ಹಾಡು ಕೂಡ ಗುನುಗಿದೆ.

ಐವತ್ತು ಹೆಜ್ಜೆ ಹೋಗಿರಬೇಕು. ಕೆಳಗಿನಿಂದ ಕೂಗು ಕೇಳಿತು. ತಿರುಗಿದರೆ ಮಾವ. ಸಾವಿನ ಮನೆಯಿಂದ ಬೇಗ ಬಂದಿದ್ದರು. ನಾನು ಗುಡ್ಡಕ್ಕೆ ಹೋದೆ ಎಂದು ಅತ್ತೆ ಹೇಳಿದಾಗ, ಸೊಪ್ಪು ನೋಡಿ ತಿರುಗಿ ಬರುತ್ತಾಳೆ ಎಂದು ನಿಧಾನವಾಗಿಯೇ ಹೊರಟರಂತೆ. ಸೊಪ್ಪು ಇದ್ದ ಜಾಗ ಖಾಲಿ ಕಂಡ ಮೇಲೆ ಓಡಿದರಂತೆ. ಇದೆಲ್ಲಾ ಆಮೇಲೆ ತಿಳಿದದ್ದು. ಆಗ ನಾನು ಕಂಡದ್ದು ಇಷ್ಟೇ: ಮುಂಡಾಸು ಬಿಚ್ಚಿಹೋಗಿದೆ, ಬಾಯಿ ತೆರೆದಿದೆ, ಬಲಗೈಯಲ್ಲಿ ಕತ್ತಿ. "ನಿಲ್ಲ್! ಗೂಡೆ, ನಿಲ್ಲ್!" ಎಂದು ಕಿರುಚುತ್ತಾ ಬರುತ್ತಿದ್ದಾರೆ.

ಕಾಲು ಕಡಿಯಲು ಬಂದರು ಎಂದುಕೊಂಡೆ. ಓಡಿದೆ. ಮೇಲಕ್ಕೆ, ಕಾಡಿನ ಪಟ್ಟಿಯ ಕಡೆಗೆ, ಇದ್ದ ಶಕ್ತಿಯೆಲ್ಲಾ ಹಾಕಿ. ಹಿಂದಿನಿಂದ ಕತ್ತಿ ಕೆಳಗೆ ಬಿದ್ದ ಸದ್ದು ಕೇಳಿತು, ಅದರ ಅರ್ಥವೂ ತಿಳಿಯಲಿಲ್ಲ. ಮರದ ನೆರಳಿಗೆ ಕಾಲಿಟ್ಟೆ ಅನ್ನುವಾಗ ಜಡೆಗೆ ಕೈ ಬಿತ್ತು. ಎಳೆದ ರಭಸಕ್ಕೆ ಅಂಗಾತ ಬಿದ್ದೆ. ತಲೆಯ ಹಿಂಭಾಗ ಬೇರಿಗೆ ತಗುಲಿ ಕಣ್ಣಿಗೆ ಕತ್ತಲೆ ಕವಿಯಿತು. ಅವರು ನನ್ನ ಮೇಲೆ ಬಾಗಿ ಎರಡೂ ತೋಳು ನೆಲಕ್ಕೆ ಒತ್ತಿ ಹಿಡಿದು ಏನೋ ಹೇಳುತ್ತಿದ್ದರು, ಏದುಸಿರಿಗೆ ಮಾತು ಹೊರಡುತ್ತಿರಲಿಲ್ಲ. ಮೊಣಕೈಯಿಂದ ತಿವಿದೆ. ಒಂದು ಕೈ ಬಿಡಿಸಿಕೊಂಡೆ. ಕೈಗೆ ಕಲ್ಲು ಸಿಕ್ಕಿತು. ಚೂಪಾದ, ಹಿಡಿತುಂಬ ಇದ್ದ ಕಲ್ಲು. ನೋಡಿಕೊಂಡು ಹೊಡೆದೆ. ಕಣ್ಣು ಮುಚ್ಚಿ ಹೊಡೆದೆ, ಎಲ್ಲಿಗೆ ಬಿತ್ತೋ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ನಿಜ ಅದಲ್ಲ. ಮುಖಕ್ಕೇ ಹೊಡೆದೆ, ಪೂರ್ತಿ ಬಲ ಹಾಕಿ.

ಅವರು ಬಲಗಣ್ಣಿಗೆ ಕೈ ಒತ್ತಿಕೊಂಡು ಹಿಂದಕ್ಕೆ ಕೂತರು. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯಿತು. ಈ ಗಲಾಟೆಗೆ ಹೆದರಿದ ನಾಯಿ ನಮ್ಮಿಬ್ಬರನ್ನೂ ದಾಟಿ ಮೇಲಕ್ಕೆ ಓಡಿತು. ಆಗ ಕೋವಿ ಹಾರಿತು.

ಅಷ್ಟು ಹತ್ತಿರದಿಂದ ನಾನು ಈಡಿನ ಸದ್ದು ಕೇಳಿರಲಿಲ್ಲ. ಹೊಗೆ ತಿಳಿಯಾದಾಗ ನಾಯಿ ದಾರಿಯ ಆಚೆ ಬಿದ್ದಿತ್ತು. ಅರ್ಧ ನಾಯಿ ಎನ್ನಬೇಕು. ಬೆಳಿಗ್ಗೆ ನಾನು ಯಾರ ಕೈಯಿಂದ ಬಿಡಿಸಿದ್ದೆನೋ ಅದೇ ನಾಯಿ. ನನ್ನ ಕಾಲಿನಿಂದ ಅಲ್ಲಿಗೆ ನಾಲ್ಕು ಮಾರು ದೂರ ಇರಲಿಲ್ಲ. ತುಂಡಾದ ತಂತಿ ಹುಲ್ಲಿನ ಮೇಲೆ ಇನ್ನೂ ಅಲ್ಲಾಡುತ್ತಿತ್ತು. ಮಾವ ಒಂದು ಕೈಯಿಂದ ಕಣ್ಣು ಒತ್ತಿಕೊಂಡು, ಇನ್ನೊಂದು ಕೈಯಿಂದ ಅದನ್ನು ತೋರಿಸಿದರು. "ಅದನ್ನೇ ಹೇಳಿಕೆ ಬಂದದ್ದ್" ಎಂದರು. ಅದನ್ನು ಹೇಳಲೆಂದೇ ಓಡಿ ಬಂದಿದ್ದರು.

ಮಡಿಕೇರಿಯಲ್ಲಿ ಡಾಕ್ಟರು ಕಣ್ಣು ತೆಗೆದೇಬಿಟ್ಟರು. ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆದೆ. "ನೀ ಬಾಯಿ ಮುಚ್ಚಿಕಂಡ್ ಕುದ್ರ್" ಎಂದು ಮಾವ ಗದರಿದರು. "ಕಾಫಿ ಕೊಂಬೆ ಬಡಿತ್" ಎಂದು ಅವರೇ ಹೇಳಿದರು. ಅತ್ತೆಗೂ ಅದೇ, ಮಗನಿಗೂ ಅದೇ, ಊರಿಗೂ ಅದೇ.

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಹೊಡೆದಿದ್ದರೆ, ಬೈದಿದ್ದರೆ, ತವರಿಗೆ ಅಟ್ಟಿದ್ದರೆ ನಾನೂ ಎದುರು ನಿಂತು ಮಾತಾಡಬಹುದಿತ್ತು. ಈ ಮನುಷ್ಯ ಒಂದು ಸುಳ್ಳು ಹೇಳಿ ನನ್ನ ಬಾಯಿ ಕಟ್ಟಿಹಾಕಿದರು. ಹುತ್ತರಿಗೆ ಕದಿರು ಕೊಯ್ಯುವಾಗ ಆಕಾಶಕ್ಕೆ ಈಡು ಹೊಡೆದರು, ಅದಕ್ಕೆ ಗುರಿ ಬೇಕಿಲ್ಲವಲ್ಲ. ಆದರೆ ಲೋಟಕ್ಕೆ ಕೈ ಚಾಚಿದರೆ ಕೈ ಲೋಟದ ಪಕ್ಕಕ್ಕೆ ಹೋಗುತ್ತಿತ್ತು. ಬಾಗಿಲ ಚೌಕಟ್ಟಿಗೆ ಬಲಭುಜ ಬಡಿಯುತ್ತಿತ್ತು. ನಾನು ಗುಡ್ಡಕ್ಕೆ ಹೋಗುವುದನ್ನು ನಿಲ್ಲಿಸಿದೆ. ಕಿತ್ತಳೆ ಹಣ್ಣಾಗಿ ಉದುರಿತು, ಮೇಲೆ ಬಂಡೆ ಯಾರೂ ಕೂರದೆ ಬಿಸಿಲಿಗೆ ಕಾಯಿತು.

ಬೇಸಿಗೆಯ ಒಂದು ಸಂಜೆ ಮಾವ ಕೋವಿ ಹೆಗಲಿಗೆ ಹಾಕಿ ಅಂಗಳದಲ್ಲಿ ನಿಂತು, ನನ್ನ ಮುಖ ನೋಡದೆ, "ನಡೆ, ಗೂಡೆ. ಗುಡ್ಡಕ್ಕೆ" ಎಂದರು. ಹೋದೆ. ದಿಮ್ಮಿಯ ಮೇಲೆ ಅವರ ಕಾಲು ತಡವರಿಸಿತು. ನಾನು ಬಲಗಡೆಗೆ ಹೋಗಿ ತೋಳು ಹಿಡಿದೆ, ಕೊಡವಿಕೊಂಡರು. ಮತ್ತೆ ತಡವರಿಸಿತು, ಮತ್ತೆ ಹಿಡಿದೆ. ಆಗ ಸುಮ್ಮನಾದರು. ಬಂಡೆಯ ಹತ್ತಿರ ಹೋದ ಮೇಲೆ ಅವರು ಚೀಲದಿಂದ ತೆಂಗಿನ ಚಿಪ್ಪು ತೆಗೆದು ಕೊಟ್ಟು, ಅಲ್ಲಿ ಆ ಮರದ ಕವೆಯಲ್ಲಿ ಇಟ್ಟು ಬಾ ಎಂದರು. ಕೋವಿಯನ್ನು ಎಡಭುಜಕ್ಕೆ ಇಟ್ಟರು. ಎಡಗಣ್ಣಿನಿಂದ ಗುರಿ ಕಲಿಯುವುದು, ಅದು ಅವರ ಹಟ. ಅವತ್ತಿನಿಂದ ವಾರಕ್ಕೆರಡು ಸಂಜೆ ಅದೇ ಕೆಲಸ. ಚಿಪ್ಪು ಇಡುವುದು ನಾನು, ತಪ್ಪುವುದು ಅವರು. ತಪ್ಪಿದಾಗೆಲ್ಲಾ ಮರವನ್ನೂ ಗಾಳಿಯನ್ನೂ ನನ್ನನ್ನೂ ಬೈಯುತ್ತಿದ್ದರು. ಕೆಲವು ಸಲ ತಗುಲಿತು. ತಗುಲಿದ ದಿನ ಇಳಿಯುವಾಗ ಕಿತ್ತಳೆ ಗಿಡದ ಹತ್ತಿರ ನಿಂತು, ಹಣ್ಣಿಲ್ಲದ ಕಾಲದಲ್ಲೂ ಹಣ್ಣು ಹುಡುಕುತ್ತಿದ್ದರು.

ಕೈಲ್ ಮುಹೂರ್ತ ಬಂತು. ಪೂಜೆ, ಊಟ ಮುಗಿದು ಬಯಲಿನಲ್ಲಿ ಎಲ್ಲರೂ ಸೇರಿದರು. ಕಾಯಿ ಮೇಲೇರಿತು. ಹೆಂಗಸರು ಒಂದು ಪಕ್ಕದಲ್ಲಿ ಕೂತಿದ್ದೆವು. ಮಾವನವರ ಸರದಿ ಬಂತು. ಅವರು ಕೋವಿಯನ್ನು ಎಡಭುಜಕ್ಕೆ ತಂದರು. ಈಡು ಹಾರಿತು. ಎಲೆ ಉದುರಿತು, ಕಾಯಿ ಅಲ್ಲಾಡಲಿಲ್ಲ.

ಅತ್ತೆಯ ತಮ್ಮ ಒಬ್ಬರಿದ್ದರು. ಪ್ರತಿ ವರ್ಷ ಮಾವನವರ ಮುಂದೆ ಸೋಲುತ್ತಿದ್ದವರು. ಭಾವನನ್ನು ಕೆಣಕುವುದು ಅವರ ಹಕ್ಕು. "ಎಂಥ ಭಾವ, ಕಾಫಿ ಕೊಂಬೆ ಬಡಿದ್ರೆ ಕಣ್ಣ್ ಹೋತ್! ಇನ್ನ್ ಮೆಣಸಿನ ಬಳ್ಳಿ ಬಡಿದ್ರೆ ತಲೆಯೇ ಹೋಕುನಾ?" ಎಂದರು. ಬಯಲು ಬಿದ್ದು ಬಿದ್ದು ನಕ್ಕಿತು. ಮಾವ ಕೋವಿಯ ಬಾಯಿ ಒರೆಸುತ್ತಾ ನಿಂತಿದ್ದರು. ಹುಲಿಯಂಥ ಮನುಷ್ಯ ತಲೆ ತಗ್ಗಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ತಡೆಯಲಾಗಲಿಲ್ಲ. ಎದ್ದು ನಿಂತೆ.

"ಕೊಂಬೆಯಲ್ಲ!" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಕಣ್ಣು ತೆಗೆದಿದ್ದು ನಾನು. ಕಲ್ಲು ತಗೊಂಡು ಹೊಡ್ದೆ. ಕೋವಿ ಕಟ್ಟಿದ ದಾರೀಲಿ ನನ್ನ ಉಳಿಸೋಕೆ ಓಡಿ ಬಂದ್ರು, ಕೊಲ್ಲೋಕೆ ಬಂದ್ರು ಅಂದ್ಕೊಂಡು ಹೊಡ್ದೆ. ನಗೋದಾದ್ರೆ ನನ್ನ ನೋಡಿ ನಗ್ರಿ."

ಯಾರೂ ನಗಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ಕೋವಿಯನ್ನು ಮರಕ್ಕೆ ಒರಗಿಸಿ ನನ್ನ ಕಡೆಗೇ ನಡೆದು ಬಂದರು. ಈಗ ಹೊಡೆಯುತ್ತಾರೆ ಎಂದುಕೊಂಡೆ. ನಾಚಿಕೆಯ ಮಾತು, ನನ್ನ ಕಣ್ಣು ಆಗಲೂ ನೆಲದ ಮೇಲೆ ಕಲ್ಲು ಹುಡುಕಿತು. ಅವರು ನನ್ನ ಪಕ್ಕ ಬಂದು ನಿಂತು, ಭಾವಮೈದುನನ ಕಡೆ ತಿರುಗಿದರು.

"ಕೇಳ್ದನಾ? ನಂಗೆ ಗುರಿ ತಪ್ಪಿತ್. ಆದ್ರೆ ಗುರಿ ತಪ್ಪದ ಕೈ ನಮ್ಮ ಮನೇಲಿ ಇನ್ನೂ ಒಂದ್ ಉಟ್ಟು. ನಂಬಿಕೆ ಇಲ್ಲದಿದ್ರೆ ಇವಳ ಕೈಗೆ ಒಂದ್ ಕಲ್ಲ್ ಕೊಡ್ತೆ, ಎದ್ರ್ ಬಂದ್ ನಿಲ್ಲ್."

ಆಗ ನಕ್ಕ ನಗು ಬೇರೆ. ಅತ್ತೆಯ ತಮ್ಮನೂ ಎರಡು ಕೈ ಎತ್ತಿ ಮುಖ ಮುಚ್ಚಿಕೊಂಡು ನಕ್ಕರು. ನಾನು ಮಾತ್ರ ಅಷ್ಟು ಜನರ ಮುಂದೆ ಗೋಳೋ ಎಂದು ಅತ್ತುಬಿಟ್ಟೆ.

ಮಾರನೆಯ ದಿನ ಸಂಜೆ ಗುಡ್ಡ ಹತ್ತುವಾಗ, ನಾಯಿ ಸತ್ತ ಜಾಗದಲ್ಲಿ ಮಾವ ನಿಂತರು. "ಕೊಂಬೆ ಅಂತ ಹೇಳಿದ್ದ್ ನಿನ್ನ ಉಳಿಸಿಕೆ ಅಲ್ಲ" ಎಂದರು. "ಮನೆ ಗೂಡೆ ನಡೆಯುವ ದಾರಿಗೆ ಹಗಲಲ್ಲೇ ಕೋವಿ ಕಟ್ಟಿದೆ ಅಂತ ಹೇಳಿಕೆ ನಂಗೆ ನಾಚಿಕೆ ಆತ್."

"ಸೊಪ್ಪು ಎಸೆದದ್ದು ನಾನಲ್ವಾ ಮಾವ?"

"ಸೊಪ್ಪು ಅಂದ್ರೆ ಎಂಥ ಅಂತ ನಿಂಗೆ ಹೇಳಿಕೊಡದೆ ಇದ್ದದ್ದ್ ಯಾರ್?"

ಹೇಳಿಕೊಡುವುದನ್ನು ಅವತ್ತೇ ಶುರುಮಾಡಿದರು. ಒಂದು ಹಸಿ ಕೊಂಬೆ ಕಡಿದು ದಾರಿಗೆ ಅಡ್ಡ ಹಾಕಿ, ಕಡಿದ ತುದಿ ಯಾವ ಕಡೆಗಿರಬೇಕು, ಎಲೆ ಬಾಡಿದ್ದರೆ ಏನು ತಿಳಿಯಬೇಕು ಎಂದು ಸ್ಕೂಲು ಮಕ್ಕಳಿಗೆ ಹೇಳುವಂತೆ ಹೇಳಿದರು. ಆಮೇಲೆ ಅದನ್ನು ಅವರೇ ಎತ್ತಿ ಬದಿಗಿಟ್ಟರು. ನಾನು ಅವರ ಬಲಗಡೆಗೆ ಹೋದೆ, ಬಂಡೆಯವರೆಗೆ ನಡೆದೆವು.

ಆ ದಾರಿಗೆ ಮತ್ತೆ ಯಾರೂ ಕೋವಿ ಕಟ್ಟಲಿಲ್ಲ. ಮಾವ ಹೋಗಿ ಎಷ್ಟೋ ವರ್ಷಗಳಾದವು. ಈಗ ಒಮ್ಮೊಮ್ಮೆ ಹೋಮ್‌ಸ್ಟೇಗೆ ಬಂದವರ ಜೊತೆ ಕಾಫಿಯ ಕೊನೆಯವರೆಗೆ ಹೋಗುತ್ತೇನೆ. ಗಾಳಿಗೆ ಮುರಿದ ಹಸಿ ಕೊಂಬೆ ದಾರಿಯಲ್ಲಿ ಬಿದ್ದಿದ್ದರೆ, ಅದು ಗಾಳಿಯದ್ದೇ ಎಂದು ಗೊತ್ತಿದ್ದರೂ ನಿಂತುಬಿಡುತ್ತೇನೆ. "ಏನಜ್ಜಿ, ಸುಸ್ತಾಯ್ತಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಆ ಕೊಂಬೆಯನ್ನು ಕಾಲಿನಿಂದ ಸರಿಸುವುದಿಲ್ಲ, ಬಗ್ಗಿ ಎರಡು ಕೈಯಿಂದ ಎತ್ತಿ ಬದಿಗಿಡುತ್ತೇನೆ.